ದೋಣಿಕಾರರ ದಳ, ಇಪ್ಪತ್ತು ಆಳು

ಪೆಟ್ಟಿಗೆ ಭಾರವಿತ್ತು. ಅದಂತೂ ನಿಜ.
ಗ್ರಿಮ್ಸ್‌ಬಿ ಬಂದರಿನ ಗಾಳಿಗೆ ಬೆನ್ನುಕೊಟ್ಟು
ಹಸುಗೂಸಿನ ಹಾಗೆ ಕೋಟಿನೊಳಗೆ ಅವುಚಿ ತಂದೆ,
ಮೀನಿನ ಶೈತ್ಯಾಗಾರದಲ್ಲಿ ರಾತ್ರಿಪಾಳಿ ಮುಗಿಸಿ,
ಬೆರಳಿಗಿನ್ನೂ ಬಿಸಿ ಮರಳಿರಲಿಲ್ಲ.

ಎಂಬತ್ತೈದು ಪೌಂಡು. ನಾಲ್ಕನೆಯ ಆವೃತ್ತಿ.
ಮುಚ್ಚಳದ ಮೇಲೆ ಯಾವನೋ ಬಾಯಿ ಹರಿಯುವಂತೆ ಕಿರುಚುತ್ತಿದ್ದಾನೆ.
ಮೊದಲನೆಯದರ ಮೇಲೆ ಒಬ್ಬ ಮುದುಕ
ದೀವಟಿಗೆ ಎತ್ತಿ ಹಿಡಿದು ಹೊಳೆ ದಾಟುತ್ತಿದ್ದ, ಅಷ್ಟೇ.
ಅಷ್ಟಕ್ಕೇ, ಹನ್ನೆರಡರ ಹುಡುಗ,
ನಾನೂ ಅವನ ಹಿಂದೆ ಇಳಿದುಬಿಟ್ಟಿದ್ದೆ.

ಕಾಗದ ಚೆನ್ನಾಗಿದೆ. ಹೊಸ ಮಸಿಯ ವಾಸನೆಗೆ
ಒಂದು ಗಳಿಗೆ ಸುಖಪಟ್ಟೆ, ಸುಳ್ಳೇಕೆ ಹೇಳಲಿ.
ಆಮೇಲೆ ನನ್ನವರನ್ನು ಹುಡುಕಿದೆ.
ಪರಿವಿಡಿಯಲ್ಲಿಲ್ಲ. ಕೊನೆಯ ಪದಸೂಚಿಯಲ್ಲಿಲ್ಲ.
ಪುಟ ಅರವತ್ತೊಂದರ ಮೂಲೆಯಲ್ಲಿ
ಬೂದು ಬಣ್ಣದ ಚೌಕ, ಅದರಲ್ಲೊಂದು ಸಾಲು:
ದೋಣಿಕಾರರ ದಳಕ್ಕೆ ಇನ್ನು ಮುಂದೆ ನಿಯಮಗಳಿರುವುದಿಲ್ಲ.

ಸತ್ತರು ಅಂತಿಲ್ಲ. ಸೋತರು ಅಂತಿಲ್ಲ.
ಕಥೆಯಲ್ಲಾದರೂ ಒಂದು ನೆರೆ ತರಿಸಿ
ಕೊನೆಯವನ ಕೈಯಲ್ಲಿ ಹುಟ್ಟು ಮುರಿಸಿ
ಮುಳುಗಿಸಬಹುದಿತ್ತು. ಬರೆದವರಿಗೆ
ಅಷ್ಟು ಪುರುಸೊತ್ತೂ ಇರಲಿಲ್ಲ.

ಇಪ್ಪತ್ತು ಆಳು, ಹೆಬ್ಬೆರಳ ಗೆಣ್ಣಿನುದ್ದ,
ಸೀಸದವರು. ಕೈತಪ್ಪಿ ಬಿದ್ದರೆ
ನೆಲವೇ ಅಯ್ಯೋ ಅನ್ನಬೇಕು.
ಒಂದು ಇಡೀ ಚಳಿಗಾಲ, ಸೊನ್ನೆ ನಂಬರಿನ ಕುಂಚದಲ್ಲಿ
ಉಸಿರು ಬಿಗಿಹಿಡಿದು ಕಣ್ಣು ಬರೆದೆ, ನಲವತ್ತು ಕಣ್ಣು,
ಎಲ್ಲವೂ ಒಂದು ಕೂದಲೆಳೆಯಷ್ಟು ದೊಡ್ಡದಾದವು.
'ಹೆದರಿದ್ದಾರಲ್ಲ ಪಾಪ' ಎಂದಳು ಲೊರೇನ್, ಇಸ್ತ್ರಿ ಮಾಡುತ್ತ.
ಇಲ್ಲ, ನೀರು ನೋಡುತ್ತಿದ್ದಾರೆ ಎಂದೆ.

ಇಡೀ ಆಟದಲ್ಲಿ ಹೊಳೆಗಿಳಿದರೂ
ನಡಿಗೆ ಅರ್ಧವಾಗದವರು ಇವರೊಬ್ಬರೇ.
ಈಗ ಯಾರ ನಡಿಗೆಯೂ ಅರ್ಧವಾಗುವುದಿಲ್ಲ.
ಹೊಳೆಯೆಂದರೆ ಮೇಜಿನ ಮೇಲೊಂದು ನೀಲಿ ಬಟ್ಟೆ,
ಕುದುರೆ, ಫಿರಂಗಿ, ಅಡುಗೆಯವನ ಗಾಡಿ,
ಎಲ್ಲರೂ ಕಾಲು ಒದ್ದೆಯಾಗದೆ ದಾಟುತ್ತಾರೆ.
ಸುಲಭ ಮಾಡಿದ್ದೇವೆ, ಎನ್ನುತ್ತದೆ ಮುನ್ನುಡಿ.

ಸಾಲುಗಟ್ಟುವುದೂ ರದ್ದು. ಚೌಕದ ಪೀಠ ಹೋಗಿ ದುಂಡು ಪೀಠ.
ಹೆಗಲಿಗೆ ಹೆಗಲು ತಾಗದ ಸೈನ್ಯ
ಬಸ್ಸು ಕಾಯುವವರ ಹಾಗೆ
ಒಬ್ಬರ ಮುಖ ಒಬ್ಬರು ನೋಡದೆ ನಿಂತಿದೆ.

ಗುರುವಾರ, ಚರ್ಚಿನ ಹಿಂದಿನ ಹಜಾರದಲ್ಲಿ
ನೆವಿಲ್‌ನ ಮೊಮ್ಮಗಳು ಇಮೊಜೆನ್, ಹದಿಮೂರು ವರ್ಷ,
ಹೊಸ ನಿಯಮದಲ್ಲಿ ನಲವತ್ತು ನಿಮಿಷಕ್ಕೆ ನನ್ನನ್ನು ಒರೆಸಿಹಾಕಿದಳು.
ದಾಳ ಅವಳ ಮಾತು ಕೇಳುತ್ತಿತ್ತು.
ಬಿಸ್ಕತ್ತಿನ ಡಬ್ಬಿ ಇನ್ನೂ ತೆರೆದಿರಲಿಲ್ಲ.
ಏನು ಮಾಡುವುದು ತೋಚದೆ ಇಬ್ಬರೂ ಕೂತೆವು.

ನನ್ನ ಚೀಲದಿಂದ ಒಬ್ಬ ದೋಣಿಕಾರನನ್ನು ಎತ್ತಿಕೊಂಡಳು,
ಅಂಗೈಯಲ್ಲಿ ತೂಗಿದಳು. 'ಇವನೇನು ಮಾಡುತ್ತಾನೆ?'
ಹೇಳಿದೆ: ಹೊಳೆ, ಅರ್ಧ ನಡಿಗೆ,
ಸೆಳವಿಗೆ ಒಂದು ದಾಳ, ಇಂಚುಪಟ್ಟಿಯ ಜಗಳ,
ನಡುನೀರಲ್ಲಿ ಅವಳ ಅಜ್ಜ ಒಮ್ಮೆ ಕುರ್ಚಿ ಒದ್ದು ಎದ್ದುಹೋದದ್ದು.

'ಹಾಗಾದರೆ ಹೊಳೆ ದಾಟುವುದು ಕಷ್ಟ ಇತ್ತಾ?'

ಬಹಳ ಕಷ್ಟ ಇತ್ತು ಮಗೂ, ಎಂದೆ.
ಎಷ್ಟೋ ಸಲ ಆಚೆ ದಡ ಇನ್ನೂ ಎರಡು ಇಂಚು ಇರುವಾಗಲೇ
ಹಜಾರದ ಕಾವಲಿನವನು ಬೀಗದ ಕೈ ಅಲ್ಲಾಡಿಸುತ್ತ
ಒಂದೊಂದೇ ದೀಪ ಆರಿಸಿಕೊಂಡು ಬರುತ್ತಿದ್ದ.