ಮುಚ್ಚಳ ಹಾಕಿ ತೆಗೆದ ಚಿತ್ರ

ಬೇಲಿಯ ಬಳಿ ಜ್ಞಾನಮುತ್ತು ಕೇಳಿದ್ದು ಇಷ್ಟೇ:
"ಯಾವ ಪಿಚ್ಚರು? ಹೀರೋ ಯಾರು?"
ಇಲ್ಲಿ ಕ್ಯಾಮೆರಾ ಅಂದರೆ ಹೊಡೆದಾಟ, ಹೊಗೆ,
ಊರೆಲ್ಲ ನೋಡಲು ಬರುವ ಜಾತ್ರೆ.
ಹೀರೋ ಇಲ್ಲ ತಾತಾ, ಅಂದೆ. ಚಂದ್ರ.
ಪತ್ರ ತಿರುಗಿಸಿ ಸೀಲು ನೋಡಿದ,
ನಗಲೋ ಬೇಡವೋ ಎಂಬಂತೆ ತಂತಿ ಸರಿಸಿದ.

ಕೆಜಿಎಫ್‌ನ ಸೈನೈಡ್ ದಿಬ್ಬ.
ಕಲ್ಲು ಅರೆದು, ಹೊನ್ನು ಸೋಸಿಕೊಂಡು,
ಉಳಿದದ್ದನ್ನು ಸುರಿದೂ ಸುರಿದೂ ಆದ ಗುಡ್ಡ.
ಹುಲ್ಲೂ ಒಲ್ಲದ ಬೂದು.
ಮಳೆ ಕೊರೆದ ಕೊರಕಲು, ಗಾಳಿ ನೇವರಿಸಿದ ದಿಣ್ಣೆ,
ಹೆಜ್ಜೆ ಇಟ್ಟರೆ ಇಟ್ಟ ಹಾಗೇ ಉಳಿಯುತ್ತದೆ.

ನಾವು ತಂದದ್ದು ಹೋಗುವ ಕಣ್ಣಲ್ಲ, ಅದರ ಅವಳಿ.
ಹೋಗುವುದು ಶುದ್ಧಕೋಣೆಯಲ್ಲಿದೆ,
ಮೂಗು ಬಾಯಿ ಕಟ್ಟಿಕೊಂಡವರ ನಡುವೆ.
ಇದು ಧೂಳು ತಿನ್ನಲೆಂದೇ ಹುಟ್ಟಿದ್ದು.

ಶಾಹೀನಾ ಬಿಳಿ ಬಿಲ್ಲೆ ಹಿಡಿದಳು,
ಬಿಳಿ ಎಂದರೆ ಎಷ್ಟು ಬಿಳಿ ಎಂದು ಕಲಿಸಲು.
ಬರಿಗೈ ತಾಗಬಾರದು; ಒಂದು ಬೆವರಿನ ಬೆರಳು
ಬಿತ್ತೋ, ಚಂದ್ರನೇ ಮಾಸಿದವನಾಗುತ್ತಾನೆ.
ಆಮೇಲೆ ಚದುರಂಗದ ಹಾಸು. ಅಂಚಿನಲ್ಲಿ
ಗೆರೆ ಎಷ್ಟು ಬಾಗಿತೋ ಅಷ್ಟು ಬರೆದುಕೊಂಡೆವು.
"ಕಾಯಿ ಎಲ್ಲಮ್ಮಾ?" ಅಂದ ಜ್ಞಾನಮುತ್ತು.

ಕತ್ತಲಾದ ಮೇಲೆ ದೊಡ್ಡ ದೀಪವನ್ನು
ನೆಲಕ್ಕೆ ತಾಗುವಷ್ಟು ತಗ್ಗಿಸಿ ಹಚ್ಚಿದೆವು:
ಧ್ರುವದ ಸೂರ್ಯ, ಬಾಡಿಗೆ ಜನರೇಟರಿನದು.
ಒಂದೊಂದು ಉಂಡೆಕಲ್ಲಿಗೂ ಆಳುದ್ದ ನೆರಳು.
ಗುಣಿ ಯಾವುದು, ಗುಡ್ಡ ಯಾವುದು?
ನನಗೇ ಎರಡು ಸಲ ತಪ್ಪಿತು.
ಇಳಿಯುವಾಗ ಅದಕ್ಕೆ ಎರಡನೇ ಸಲ ಇರುವುದಿಲ್ಲ.

ಕೊನೆಗೆ ದೀಪ ಆರಿಸಿ, ಮುಚ್ಚಳ ಹಾಕಿ,
ಮೂವತ್ತು ಚಿತ್ರ.

"ಏನೂ ಇಲ್ಲದ್ದರ ಫೋಟೋ ಯಾಕೆ?"
ಕತ್ತಲಲ್ಲೂ ಸೆನ್ಸರು ಸುಮ್ಮನಿರದು ತಾತಾ,
ಬಿಸಿಗೆ ಅಲ್ಲಲ್ಲಿ ತಾನೇ ಮಿನುಗುತ್ತದೆ.
ಆ ಸುಳ್ಳು ಚುಕ್ಕಿಗಳನ್ನು ಈಗಲೇ ಎಣಿಸಿಟ್ಟು
ನಾಳೆ ಕಂಡದ್ದರಿಂದ ಕಳೆಯಬೇಕು.

ಬೀಡಿ ಹಚ್ಚಲು ತೆಗೆದ ಕಡ್ಡಿಪೆಟ್ಟಿಗೆಯನ್ನು
ಅವನು ಜೇಬಿಗೇ ಹಾಕಿಕೊಂಡ.

"ಚಾಂಪಿಯನ್ ರೀಫು, ಎಪ್ಪತ್ತೊಂಬತ್ತನೇ ಲೆವೆಲ್ಲು.
ಒಂದಿನ ಲೈಟು ಹೋಯ್ತು. ಮೂರು ಗಂಟೆ.
ಕಣ್ಣು ಬಿಟ್ರೂ ಅಷ್ಟೇ, ಮುಚ್ಚಿದ್ರೂ ಅಷ್ಟೇ.
ಆಮೇಲೆ ಚುಕ್ಕಿ ಬಂತಮ್ಮಾ,
ಹಸಿರು, ನೀಲಿ, ಬಂಡೆ ತುಂಬಾ.
ಏಸುಪಾದಂ ಅಂತ ಹೊಸ ಹುಡುಗ,
ದಾರಿ ಸಿಕ್ತು ಅಂತ ಅದರ ಕಡೆಗೇ ಎದ್ದ.
ಆ ಕಡೆ ಶಾಫ್ಟು.
ಬೆಲ್ಟು ಹಿಡಿದು ಎಳೆದೆ.
ಅದು ಬೆಳಕಲ್ಲ, ನಿನ್ನ ಕಣ್ಣು, ಅಂದೆ. ಕೂತ್ಕೊ."

ಜನರೇಟರು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು.
ಪರದೆಯ ಮೇಲೆ ಎಣಿಸಿದೆ:
ಬಿಸಿ ಚುಕ್ಕಿ ಹದಿನೇಳು.
ಹದಿನೇಳಕ್ಕೂ ಸಾಲು, ಕಂಬ, ವಿಳಾಸ.
ಷರಾ ಎಂಬಲ್ಲಿ 'ಕೂತ್ಕೊ' ಎಂದು ಬರೆದು
ಶಾಹೀನಾ ನೋಡುವ ಮೊದಲು ಅಳಿಸಿದೆ.

"ಇದು ಹೋಗಲ್ವಾ ಹಾಗಾದ್ರೆ?"
ಇಲ್ಲ. ಹೋಗುವುದರ ಚುಕ್ಕಿ ಬೇರೆ,
ಅವನ್ನು ಅಲ್ಲೇ ಎಣಿಸಿದ್ದಾರೆ.
"ಒಂದೇ ಹೊಟ್ಟೇಲಿ ಹುಟ್ಟಿದ್ರೂ ಬೇರೆಯಾ?"
ಬೇರೆ.
"ಅಲ್ಲಿ ಬೆಲ್ಟು ಹಿಡಿಯೋರು?"

ಲೆಕ್ಕ, ಅನ್ನಬೇಕೆಂದಿದ್ದೆ.
ಅಷ್ಟರಲ್ಲಿ ದಿಬ್ಬದ ಹಿಂದಿನಿಂದ
ಕೆಂಪಗೆ, ಒಂದು ಬದಿ ಸವೆದು, ಅವನೇ.
ಇನ್ನೂ ಹನ್ನೆರಡು ಚಿತ್ರ ಬಾಕಿ ಇತ್ತು.
"ಹಾಳಾದವನು! ಕತ್ತಲು ಕೆಟ್ಟಿತು,"
ಎಂದು ಶಾಹೀನಾ ಕಪ್ಪು ಬಟ್ಟೆ ಹುಡುಕಿದಳು,
ಜ್ಞಾನಮುತ್ತು ತನ್ನ ಕಂಬಳಿ ಬಿಚ್ಚಿದ.

ಮೂವರೂ ಅದರ ಮೂಲೆಗಳನ್ನು ಹಿಡಿದು
ಚಂದ್ರನಿಗೆ ಬೆನ್ನು ಮಾಡಿ ನಿಂತೆವು.
ಕಂಬಳಿಗೆ ಬೀಡಿಯ ವಾಸನೆ.
ಹತ್ತೊಂಬತ್ತು, ಎಂದೆ. ಇಪ್ಪತ್ತು.