ಹತ್ತೊಂಬತ್ತನೆಯ ಪಿನ್ನು

ಬೈತಖೋಲದ ಮೀನುಗಾರರ ಸೊಸೈಟಿಯಲ್ಲಿ
ಜುಲೈ ಮೂವತ್ತೊಂದರ ಸಂಜೆ
ಕರೆಂಟು ಹೋಗಿ ಬಂತು.
ಫ್ಯಾನು ತಿರುಗಿತು. ಟ್ಯೂಬ್‌ಲೈಟು ಮೂರು ಸಲ ಕೆಮ್ಮಿ ಹತ್ತಿತು.
ಮಾನಿಟರು ಮಾತ್ರ
‘ನೋ ಸಿಗ್ನಲ್’ ಅಂತ ಒಂದೇ ಸಲ ಅಂದು
ಕಣ್ಣು ಮುಚ್ಚಿಕೊಂಡಿತು.

ಹನ್ನೊಂದು ವರ್ಷದಿಂದ ಈ ಕುರ್ಚಿ ನನ್ನದು.
ಬೆಳಗಿನ ಜಾವ ಬೋಟು ಇಳಿಯುತ್ತವೆ,
ಇಪ್ಪತ್ತಮೂರು ಬೋಟಿನ ಡೀಸೆಲ್ ಪಾಸು
ಈ ಪೆಟ್ಟಿಗೆಯ ಹೊಟ್ಟೆಯಲ್ಲಿ.
ಎರಡು ತಿಂಗಳು ಬಲೆಯ ತೂತು ಎಣಿಸುತ್ತ ಕೂತವರು
ಬಾಗಿಲಿಗೆ ಅಡ್ಡ ನಿಂತಿದ್ದಾರೆ, ಮೈಯೆಲ್ಲ ಹೊಸ ಪೇಂಟಿನ ವಾಸನೆ.

‘ನೆತ್ತಿಗೊಂದು ಕೊಡಿ ಬಾಯೋರೆ,
ನಮ್ಮ ಇಂಜಿನ್ನೂ ಹಂಗೇ’ ಅಂದ ಪುಂಡಲೀಕ ದುರ್ಗೇಕರ.
ಕೊಟ್ಟೆ. ಕೈ ನೊಂದಿತು.

ಶಿರಸಿಯ ರಿಪೇರಿ ಹುಡುಗ ಫೋನಿನಲ್ಲಿ:
ಕೇಬಲ್ ಕಿತ್ತು ಹಾಕಿ ಅಕ್ಕಾ.
ಕಿತ್ತು ಹಾಕಿದೆ.
ಸೋರ್ಸ್ ಬದಲಿಸಿ.
ಬದಲಿಸಿದೆ, ಮೂರು ಬಾಗಿಲಲ್ಲೂ ಯಾರೂ ಇಲ್ಲ.
ಹಳೆಯ ನೀಲಿ ಕೇಬಲ್ ಇದೆಯಾ?
ಇದೆ. ಐಸ್ ಫ್ಯಾಕ್ಟರಿಯ ಗೇಟಿಗೆ ಕಟ್ಟಿದ್ದಾರೆ.
ಬಿಚ್ಚಿಸಿ ತರಿಸಿದೆ, ಹೊಸ ಪೆಟ್ಟಿಗೆಯಲ್ಲಿ
ಅದಕ್ಕೆ ತೂತೇ ಇಲ್ಲ.

ಆಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ ಅಂದ.
ಒತ್ತಿದೆ.
ಕೀಬೋರ್ಡಿನ ಮೂಲೆಯಲ್ಲಿ
ಸಾಸಿವೆಯಷ್ಟು ಹಸಿರು ದೀಪ.

ಅಂದರೆ ಇದಕ್ಕೆ ಎಚ್ಚರವಿದೆ!
ಒಳಗೆ ಎಲ್ಲ ತೆರೆದಿಟ್ಟುಕೊಂಡು
ಪಾಸ್‌ವರ್ಡಿಗೆ ಕಾಯುತ್ತ ಕೂತಿದೆ.

ಮೌಸನ್ನು ಬದಿಗೆ ಸರಿಸಿದೆ.
ಕಣ್ಣಿಲ್ಲದೆ ಅದಕ್ಕೆ ದಿಕ್ಕಿಲ್ಲ.
ಬೆರಳಿಗೆ ದಾರಿ ಗೊತ್ತು: ಪಾಸ್‌ವರ್ಡು, ಎಂಟರ್,
ಮೂವತ್ತರವರೆಗೆ ಎಣಿಕೆ, ಇದು ಎದ್ದೇಳುವುದು ನಿಧಾನ,
ಎಫ್ ನಾಲ್ಕು, ಬೋಟಿನ ನಂಬರು, ಟ್ಯಾಬ್, ಟ್ಯಾಬ್,
ಲೀಟರು, ಎಂಟರ್.
‘ದಿಸ್ನಾ ರೆ, ಕಾಂಯ್ ದಿಸ್ನಾ,’ ಹಿಂದಿನಿಂದ ಯಾರೋ.
‘ಸುಮ್ನಿರು, ಮಂಜಿನಲ್ಲಿ ನಾವು ಬೋಟು ತರೋದಿಲ್ಲವಾ,’ ಪುಂಡಲೀಕ.

ಪ್ರಿಂಟರು ಗಂಟಲು ಸರಿಮಾಡಿಕೊಂಡಿತು.
ಮೊದಲ ಪಾಸು ನಾಲಗೆಯ ಹಾಗೆ ಹೊರಗೆ ಬಂದಾಗ
ಬಾಗಿಲಲ್ಲಿ ಒಬ್ಬರೂ ಉಸಿರೆತ್ತಲಿಲ್ಲ.
ಆಮೇಲೆ ಒಂದರ ಹಿಂದೊಂದು.

ಹದಿನಾಲ್ಕನೆಯದನ್ನು ಓದಿ
ಉಲ್ಲಾಸ ಮಾಜಾಳೀಕರ ನಕ್ಕ.
‘ಇನ್ನೂರರ ಬದಲು ಎರಡು ಸಾವಿರ ಲೀಟರು ಬಾಯಿ!
ಇಷ್ಟರಲ್ಲಿ ಮಸ್ಕತ್ತಿಗೆ ಹೋಗಿ
ಊಟ ಮಾಡಿ ಬರ್ತೇನೆ.’
ಕೆಂಪು ಪೆನ್ನಲ್ಲಿ ಒಂದು ಸೊನ್ನೆ ಹೊಡೆದೆ, ಸೀಲು ಒತ್ತಿದೆ.
ನಗು ಜೆಟ್ಟಿಯವರೆಗೂ ಇಳಿದು ಹೋಯಿತು.

ಎಲ್ಲರೂ ಹೋದ ಮೇಲೆ ಟಾರ್ಚು ಹಿಡಿದು
ಕೇಬಲಿನ ಬಾಯಿ ನೋಡಿದೆ.
ಹತ್ತೊಂಬತ್ತು ಪಿನ್ನು, ನುಸಿಯ ಕಾಲಿನಷ್ಟು ಸಣ್ಣವು.
ಮೂಲೆಯ ಕೊನೆಯದಕ್ಕೆ ಹಸಿರು ಕಿಲುಬು,
ಕಿಟಕಿಯಿಂದ ದಿನಾ ಬರುವ ಉಪ್ಪಿನ ಗಾಳಿ.

ಹುಡುಗನಿಗೆ ಮತ್ತೆ ಫೋನು.
ಅವನೆಂದ: ಅದರಲ್ಲಿ ಚಿತ್ರ ಹೋಗೋದಿಲ್ಲ ಅಕ್ಕಾ,
ಬಣ್ಣವೂ ಇಲ್ಲ, ಸದ್ದೂ ಇಲ್ಲ.
‘ನಾನಿಲ್ಲಿದ್ದೇನೆ’ ಅಂತ ಮಾನಿಟರು
ಪೆಟ್ಟಿಗೆಗೆ ಹೇಳೋ ತಂತಿ, ಅಷ್ಟೇ.
ಅದು ಕೇಳಿಸದಿದ್ದರೆ
ಪೆಟ್ಟಿಗೆ ಯಾರಿಗೂ ಏನೂ ತೋರಿಸೋದಿಲ್ಲ.

ಫೋನಿಟ್ಟು ಸ್ವಲ್ಪ ಹೊತ್ತು
ಕೇಬಲನ್ನು ಮಡಿಲಲ್ಲಿಟ್ಟುಕೊಂಡು ಕೂತೆ.
ಹೊರಗೆ ಐಸು ಒಡೆಯುವ ಸದ್ದು.

ಮಗಳ ರಬ್ಬರನ್ನು ಬ್ಲೇಡಿನಿಂದ ಚೂಪು ಮಾಡಿ ಉಜ್ಜಿದೆ,
ಸ್ಪಿರಿಟಿನ ಹತ್ತಿ ಒತ್ತಿದೆ, ಊದಿದೆ, ಸಿಕ್ಕಿಸಿದೆ.
ಬಂತು.
ಅಕ್ಷರಗಳು ಅಜ್ಜಿಗೆ ಬರೆದಂತೆ ದೊಡ್ಡವು,
ಅಂಚಿನಲ್ಲಿ ಸ್ವಲ್ಪ ನಡುಕ,
ನಡುವೆ ಒಂದು ಪೆಟ್ಟಿಗೆ: ಹದಿನಾಲ್ಕನೆಯ ದಾಖಲೆ
ಸರಿ ಇದೆಯೇ?

‘ಇಲ್ಲ’ ಒತ್ತಿದೆ.
ಸೊನ್ನೆ ಅಳಿಸಿ, ಆರಿಸಿ,
ಬೋಟಿನವರು ಮೊಬೈಲಿಗೆ ಸುತ್ತುವ ಹಾಗೆ
ಕೇಬಲಿನ ಕೊರಳಿಗೆ ಹಾಲಿನ ತೊಟ್ಟೆ ಸುತ್ತಿ
ಎರಡು ರಬ್ಬರ್ ಬ್ಯಾಂಡು ಹಾಕಿದೆ.