ಕಾಯಿ

ಪ್ರಾಯಾ ವಿಮಾನ ನಿಲ್ದಾಣದ ಮೂರನೇ ಕೌಂಟರು ನನ್ನದು.
ಗಾಜಿನಲ್ಲಿ ಕೊರೆದ ತೂತೇ ನನ್ನ ಬಾಯಿ.
ದಿನಕ್ಕೆ ನಲವತ್ತು ಸಲ ಅದರಿಂದ ಹೇಳುತ್ತೇನೆ:
ಬದಲಾವಣೆಗೆ ಶುಲ್ಕ ಬೇರೆ,
ದರದ ವ್ಯತ್ಯಾಸ ಬೇರೆ.

ನ್ಯೊ ತಿಬೂರ್ಸಿಯು ಬಂದದ್ದು ಬುಧವಾರ.
ಕೋಟಿನ ಒಳಜೇಬಿನಿಂದ ಟಿಕೆಟ್ಟು ತೆಗೆದ,
ನಾಲ್ಕು ಮಡಿಕೆ, ಮಡಿಕೆಯಲ್ಲಿ ಮೀನಿನ ವಾಸನೆ.
ನಾಳೆ ಬೆಳಿಗ್ಗೆಯ ಲಿಸ್ಬನ್. ಮಗಳು ಕಳಿಸಿದ್ದು.
‘ಇದನ್ನೊಂದು ನಾಲ್ಕು ದಿನ ಆಚೆ ಸರಿಸು ತಾಯೀ.’

ಸರಿಸು! ಮಣೆಯ ಕುಳಿಯಿಂದ ಕುಳಿಗೆ
ಕಾಯಿ ಸರಿಸಿದಷ್ಟೇ ಸಲೀಸೆಂಬಂತೆ.

ಐವತ್ತು ವರ್ಷ ಆಡಿದ್ದನಂತೆ ಓರೀಲು.
ಹನ್ನೆರಡು ಕುಳಿ, ನಲವತ್ತೆಂಟು ಗಜ್ಜುಗ,
ಎದುರಿಗೆ ಕೂರುತ್ತಿದ್ದವನು ಫಿರ್ಮಿನು.
ಭಾನುವಾರ ತೀರಿಕೊಂಡ.
ಏಳನೇ ದಿನದ ಬಲಿಪೂಜೆಗೆ ನಾನಿಲ್ಲದಿದ್ದರೆ
‘ಮೋಸ ಅನ್ನುತ್ತಾನೆ. ಮೊದಲೇ ಹಾಗನ್ನುವವನು.’

ಪರದೆ ಲೆಕ್ಕ ಹೇಳಿತು:
ಶುಲ್ಕ ಹನ್ನೆರಡು ಸಾವಿರ ಎಸ್ಕೂಡೊ,
ವ್ಯತ್ಯಾಸ ಒಂಬತ್ತು.
ಟಿಕೆಟ್ಟಿಗೆ ಕೊಟ್ಟಿದ್ದೆಷ್ಟು ಎಂದು ಕೇಳಿದ. ಹತ್ತೊಂಬತ್ತು.
ಮೂಗಿಗಿಂತ ಮೂಗುತಿ ಭಾರ.
‘ಸಾವಿಗೆ ರಿಯಾಯಿತಿ ಇಲ್ಲವೇ?’
ಇದೆ. ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು.
ಪಟ್ಟಿಯನ್ನು ಇನ್ನೊಮ್ಮೆ ಓದಿದೆ, ಮೆಲ್ಲಗೆ,
ಯಾವುದಾದರೂ ಸಾಲಿನ ಸಂದಿಯಲ್ಲಿ
ಎದುರಾಳಿ ಎಂಬ ಪದ ಸಿಕ್ಕೀತೇನೋ ಎಂದು.

ಸಲಹೆ ಕೊಡುವಂತಿಲ್ಲ ನಾನು. ಸಹಿ ಹಾಕಿದ್ದೇನೆ.
ಆದರೆ ಕಿಟಕಿಯತ್ತ ನೋಡಬಾರದೆಂದು
ಎಲ್ಲೂ ಬರೆದಿಲ್ಲ.
ನೋಡಿದೆ.
ಪೂರ್ವಕ್ಕೆ, ಕಡಲ ಮೇಲೆ,
ಯಾರೋ ಜರಡಿ ಹಿಡಿದ ಹಿಟ್ಟಿನಂತೆ
ಸಹಾರಾದ ಧೂಳು ಏಳುತ್ತಿತ್ತು.

ನಾವು ಬದಲಿಸಿದರೆ ನಮ್ಮ ಕಿಸೆ.
ಅವರೇ ರದ್ದು ಮಾಡಿದರೆ ಬೇರೆ ದಿನ ಬಿಟ್ಟಿ.
ನಿಯಮಗಳ ಹದಿನೇಳನೇ ಪುಟ, ಇರುವೆ ಕಾಲಿನಂಥ ಅಕ್ಷರ,
ಯಾರೂ ಓದದ್ದು. ಓದಲೆಂದು ಬರೆದದ್ದೂ ಅಲ್ಲ.

‘ನ್ಯೊ, ಇವತ್ತು ಬದಲಿಸಬೇಡಿ,’ ಎಂದೆ,
ತೂತಿನಿಂದ ಬಾಯಿ ತುಸು ಓರೆ ಮಾಡಿ.
‘ನಾಳೆ ಪೆಟ್ಟಿಗೆ ಸಮೇತ ಬನ್ನಿ. ಕಾಯಿರಿ.’
ಅವನು ಧೂಳನ್ನು ನೋಡಿದ, ನನ್ನನ್ನು ನೋಡಿದ.
ಕೈಯೆತ್ತದೆ ಕೂರುವುದೂ ಒಂದು ನಡೆಯೆಂದು
ಬಲ್ಲವನು.

ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.
ಧೂಳು ಕರಗಿಬಿಟ್ಟರೆ? ಮುದುಕ ಹತ್ತಿ ಹೋಗಬೇಕು,
ಇಲ್ಲವೇ ಹತ್ತೊಂಬತ್ತೂ ಮಣ್ಣುಪಾಲು.
ನಾಲ್ಕಕ್ಕೆ ಎದ್ದು ಮೆಟ್ಟಿಲ ಕಂಬಿಯ ಮೇಲೆ ಬೆರಳೆಳೆದೆ.
ಕೆಂಪು.

ಬೆಳಿಗ್ಗೆ ಫಲಕದ ತುಂಬ ಸಾಲುಸಾಲು ರದ್ದು.
ಜನ ಬೈದರು. ಒಬ್ಬ ಹುಡುಗಿ ಅತ್ತಳು,
ಅವಳಿಗೆ ಮಧ್ಯಾಹ್ನ ಅಲ್ಲಿ ಕೆಲಸದ ಸಂದರ್ಶನವಿತ್ತು.
ಅವಳ ಪಾಲಿನ ಧೂಳಿಗೆ
ನನ್ನ ಬಳಿ ಯಾವ ಪುಟವೂ ಇರಲಿಲ್ಲ.

ನ್ಯೊ ತಿಬೂರ್ಸಿಯುವಿನ ಸರದಿ. ಸೋಮವಾರ. ಶುಲ್ಕ ಸೊನ್ನೆ.
ಪರದೆ ತಿರುಗಿಸಿ ತೋರಿಸಿದೆ,
ಖಾಲಿ ಕುಳಿಯಂತಿತ್ತು ಅದು.
ಅವನು ಜೇಬು ತಡಕಿ, ಗಾಜಿನ ತೂತಿನೊಳಗಿಂದ
ಬೂದುಬಣ್ಣದ ಒಂದು ಗಜ್ಜುಗ ನೂಕಿದ.
ಫಿರ್ಮಿನುವಿನದು, ಬೆರಳು ತಾಗಿ ತಾಗಿ ನುಣುಪಾದದ್ದು.
‘ಲಂಚವಲ್ಲ,’ ಎಂದ. ‘ಕಾಯಿ.’

ಹಿಂದಿನವರು ಆಗಲೇ ಟಿಕೆಟ್ಟು ಚಾಚಿದ್ದರು.